ಬರೋದಕ್ಕೆ ಹಳೆ ಟೈಮ್, ಹೋಗೋದಕ್ಕೆ ಹೊಸ ಟೈಮ್

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಗಡಿಯಾರ ಬದಲಾಗುತ್ತದೆ. ಬೆಂಗಳೂರಿನವರಿಗೆ ಬೆಳಿಗ್ಗೆ 10ರಿಂದ ಸಂಜೆ 5.30. ನಮ್ಮವರಿಗೆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲು 42 ಡಿಗ್ರಿ ದಾಟುವ ಊರಲ್ಲಿ ಇದು ನ್ಯಾಯವೇ ಬಿಡಿ, ಯಾರದೂ ತಕರಾರಿಲ್ಲ. ಆದರೆ ಆದೇಶವನ್ನು ಪೂರ್ತಿ ಓದುವ ತಾಳ್ಮೆ ಬಹಳ ಮಂದಿಗೆ ಇರುವುದಿಲ್ಲ. 1.30 ಅನ್ನುವುದು ಕಣ್ಣಿಗೆ ಬೀಳುತ್ತದೆ, 8 ಬೀಳುವುದಿಲ್ಲ. ಹಾಗಾಗಿ ಬರೋದು ಹಳೆ ಟೈಮಿಗೆ, ಹೋಗೋದು ಹೊಸ ಟೈಮಿಗೆ.

ಇಂಥ ಹೊತ್ತಲ್ಲಿ ಒಂದು ಕಚೇರಿಗೆ ಸುತ್ತೋಲೆ ಬಂತು ಅಂದುಕೊಳ್ಳಿ. ಕಚೇರಿ ಯಾವುದಾದರೂ ಆಗಬಹುದು, ಹೆಸರು ಬೇಡ. 'ಸಮಯಪಾಲನೆ ಮಾಡದ ಸಹೋದ್ಯೋಗಿಗಳ ವಿವರವನ್ನು ಇತರೆ ಸಿಬ್ಬಂದಿ ಮೇಲಧಿಕಾರಿಗಳ ಗಮನಕ್ಕೆ ತರತಕ್ಕದ್ದು.' ಕೆಳಗೆ ಸಾಹೇಬರ ಹೆಸರು, ಹುದ್ದೆ, ಮೊಹರು ಎಲ್ಲಾ ಸರಿಯಾಗಿದೆ. ಸಹಿ ಮಾತ್ರ ಬೇರೆಯವರದು, ಪಕ್ಕದಲ್ಲಿ 'ಪರವಾಗಿ' ಎಂದು ಬರೆದಿದೆ.

ಸುತ್ತೋಲೆ ಬಂದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ಆಗದೆ ಇರುತ್ತದೆಯೇ? ಹೇಳಬೇಕೋ, ಹೇಳಬಾರದೋ? 'ಹೇಳಾಕಬೇಕ್ರಿ, ನಾವಷ್ಟೇ ದುಡಿಬೇಕೇನು?' ಎಂದು ಒಬ್ಬರು. 'ಚಾಡಿ ಹೇಳೋ ಮಂದಿ ಉದ್ಧಾರ ಆಗಂಗಿಲ್ಲ' ಎಂದು ಇನ್ನೊಬ್ಬರು. 'ಮಕ್ಕಳ ಸಾಲಿ, ಮುದುಕರ ದವಾಖಾನಿ ಎಲ್ಲಾರಿಗೂ ಇರ್ತಾವ, ಸ್ವಲ್ಪ ತಿಳ್ಕೋರಿ' ಎಂದು ಮೂರನೆಯವರು. ಮಾತು ಸರಿಯೇ. ತಾಯಿಯನ್ನು ದವಾಖಾನೆಗೆ ಕರೆದುಕೊಂಡು ಹೋದವರ ಮೇಲೆ ವರದಿ ಬರೆಯುವಷ್ಟು ಕೆಟ್ಟವರಾಗುವುದು ಬೇಡ. ಆದರೆ ಆ ಮೆಸೇಜು ಬಂದಿದ್ದು 10.40ಕ್ಕೆ, ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯಿಂದ.

ಈ ತಲೆನೋವು ನಮ್ಮದಷ್ಟೇ ಅಲ್ಲ. ಅಮೆಜಾನ್ ಕಂಪನಿ 2025ರ ಜನವರಿಯಿಂದ ವಾರಕ್ಕೆ ಐದೂ ದಿನ ಆಫೀಸಿಗೆ ಬನ್ನಿ ಎಂದಿತು. ಅಂಥ ಕಂಪನಿಗಳಲ್ಲಿ ಕೆಲವರು ಬರುತ್ತಾರೆ, ಕಾರ್ಡ್ ಉಜ್ಜುತ್ತಾರೆ, ಒಂದು ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಅಮೆರಿಕದಲ್ಲಿ ಇದಕ್ಕೆ 'ಕಾಫಿ ಬ್ಯಾಡ್ಜಿಂಗ್' ಎಂದು ಹೆಸರಿಟ್ಟಿದ್ದಾರೆ. ನೋಡಿ, ನಮ್ಮ ಕಚೇರಿ ಎದುರಿನ ಚಹಾ ಅಂಗಡಿಗಳಲ್ಲಿ ಇದು ಎಷ್ಟು ವರ್ಷಗಳಿಂದ ನಡೆದಿದೆ! ಹೆಸರಿಡಲು ಯಾರಿಗೂ ಪುರಸೊತ್ತಾಗಲಿಲ್ಲ ಅಷ್ಟೇ.

ಗೈರುಹಾಜರಿಯಲ್ಲಿ ನಮ್ಮವರ ಕೈಚಳಕವನ್ನು ಹತ್ತಿರದಿಂದ ನೋಡಬೇಕು. ಟೇಬಲ್ ಮೇಲೆ ಬಿಚ್ಚಿಟ್ಟ ಫೈಲ್. ಅದರ ಮೇಲೆ ಒಂದು ಕನ್ನಡಕ, ಒಂದು ಕಡ್ಡಿ ಸಡಿಲಾದದ್ದು. ನಿಜವಾಗಿ ಓದಲು ಬೇಕಾದ ಕನ್ನಡಕ ಸಾಹೇಬರ ಜೊತೆಗೇ ಹೋಗಿರುತ್ತದೆ. ಇದು ಕಚೇರಿಗೆಂದೇ ಇಟ್ಟ ಕನ್ನಡಕ. ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ಲು. ಅರ್ಧ ಕುಡಿದ ಚಹಾ, ಮೇಲೆ ಕೆನೆ ಕಟ್ಟಿದೆ. ಮೂಲೆಯಲ್ಲಿ ಕೂಲರ್ ಗುಂಯ್ ಎನ್ನುತ್ತಿದೆ. ಅದಕ್ಕೆ ನೀರು ಹಾಕಿ ಚಾಲೂ ಮಾಡುವುದು ಜವಾನನ ಬೆಳಗಿನ ಮೊದಲ ಕೆಲಸ. ಅರ್ಜಿ ಹಿಡಿದು ಬಂದ ಮುದುಕ ಬಾಗಿಲಲ್ಲಿ ಇಣುಕುತ್ತಾನೆ. 'ಈಗ ಇಲ್ಲೇ ಇದ್ರು, ಬರ್ತಾರ್ರಿ, ಕೂಡ್ರಿ.' ಮುದುಕ ಕೂಡುತ್ತಾನೆ. ಅವನು ಆಳಂದ ಕಡೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಎಂಟಕ್ಕೇ ಬಂದವನು. ಆ ಕಚೇರಿಯಲ್ಲಿ ಸಮಯಪಾಲನೆ ಮಾಡಿದವನು ಅವನೊಬ್ಬನೇ, ಆದರೆ ಅವನ ಹೆಸರು ಹಾಜರಿಯಲ್ಲಿಲ್ಲ.

ಎದ್ದು ಹೋದವರು ಎಲ್ಲಿಗೆ ಹೋದರು ಎಂದು ಬರೆಯಲು 'ಚಲನವಲನ ವಹಿ' ಎಂಬ ಪುಸ್ತಕವೇ ಇದೆ. ಕಥೆ, ಕಾದಂಬರಿ ಓದುವ ಹವ್ಯಾಸ ಇದ್ದವರು ಅದನ್ನೊಮ್ಮೆ ತಿರುವಿ ಹಾಕಬೇಕು. 'ಫೀಲ್ಡ್ ವಿಸಿಟ್.' 'ಡಿ.ಸಿ. ಆಫೀಸ್ ಮೀಟಿಂಗ್.' 'ಕೋರ್ಟ್ ಕೆಲಸ.' ಈ ಕೋರ್ಟ್ ಕೆಲಸಕ್ಕೆ ಮೊದಲು ಬೆಂಗಳೂರಿಗೇ ಹೋಗಬೇಕಿತ್ತು, ಟಿ.ಎ. ಬಿಲ್ ತೋರಿಸಬೇಕಿತ್ತು. 2008ರಲ್ಲಿ ಹೈಕೋರ್ಟ್ ಪೀಠ ಕಲಬುರಗಿಗೇ ಬಂತು. ಕಕ್ಷಿದಾರರಿಗೆ ಎಷ್ಟು ಅನುಕೂಲ ಆಯಿತೋ ನೌಕರರಿಗೂ ಅಷ್ಟೇ ಆಯಿತು. ಈಗ ಕೋರ್ಟಿಗೆಂದು ಬರೆದು ಹೋದವರು ಗಂಜ್‌ನಲ್ಲಿ ತೊಗರಿ ರೇಟ್ ವಿಚಾರಿಸುತ್ತಾ ಸಿಗುತ್ತಾರೆ. ಊರಲ್ಲಿ ಎಂಟು ಎಕರೆ ಹೊಲ ಇದ್ದವರು ವಿಚಾರಿಸದೆ ಇನ್ನೇನು ಮಾಡುತ್ತಾರೆ?

ಇನ್ನು ಅಪ್-ಡೌನ್ ಮಾಡುವವರು. ನೌಕರರು ಕೇಂದ್ರಸ್ಥಾನದಲ್ಲೇ ವಾಸ ಮಾಡಬೇಕು ಎಂಬುದು ನಿಯಮ. ಆದರೆ ಸೇಡಂ, ಚಿತ್ತಾಪುರ, ಜೇವರ್ಗಿ, ಆಳಂದ ಎಲ್ಲಾ ಕಡೆಯ ಕೆಲವರ ಕೇಂದ್ರಸ್ಥಾನ ಕಲಬುರಗಿಯ ಸ್ವಂತ ಮನೆಯೇ. ಬೆಳಿಗ್ಗೆ ತಡವಾದರೆ 'ಟ್ರೇನ್ ಲೇಟ್ರಿ' ಎಂಬ ಮಾತು ಸಿದ್ಧ. ಚಿತ್ತಾಪುರದವರು ಹೇಳಿದರೆ ಒಪ್ಪೋಣ. ಆಳಂದಕ್ಕೆ ಹೋಗುವವರೂ ಇದನ್ನೇ ಹೇಳುತ್ತಾರೆ. ಆಳಂದಕ್ಕೆ ರೈಲೇ ಇಲ್ಲ.

ಬಯೋಮೆಟ್ರಿಕ್ ಬಂದ ಮೇಲೆ ಎಲ್ಲಾ ಸರಿಹೋಯಿತು ಅಲ್ವಾ, ಎಂದು ಕೇಳಬಹುದು. ಹೌದು, ಹೆಬ್ಬೆರಳು ಸರಿಯಾದ ಟೈಮಿಗೆ ಬರುತ್ತದೆ. ಒತ್ತಿದ ಕೂಡಲೇ ಯಂತ್ರದೊಳಗಿನ ಹೆಣ್ಣುಮಗಳು 'ಥ್ಯಾಂಕ್ ಯೂ' ಎನ್ನುತ್ತಾಳೆ. ಬೆರಳು ಹಾಗೇ ಹೊರಗೆ ಹೋಗುತ್ತದೆ, ಸಂಜೆ ಮತ್ತೆ ಬರುತ್ತದೆ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನೆಲ ಒರೆಸುವ ಆಯಾಳ ಬೆರಳನ್ನು ಮಾತ್ರ ಅದು ಒಪ್ಪುವುದಿಲ್ಲ. ಫಿನಾಯಿಲ್ಲಿನಲ್ಲಿ ಕೈ ಅದ್ದಿ ಅದ್ದಿ ಗೆರೆಗಳೇ ಸವೆದಿವೆ. 'ಟ್ರೈ ಅಗೇನ್' ಎನ್ನುತ್ತದೆ. ಆಕೆ ಸೆರಗಿನಲ್ಲಿ ಒರೆಸಿ ಮತ್ತೆ ಒತ್ತುತ್ತಾಳೆ, ಮತ್ತೆ 'ಟ್ರೈ ಅಗೇನ್'. ದಾಖಲೆಯ ಪ್ರಕಾರ ಆ ಕಚೇರಿಯಲ್ಲಿ ಗೈರುಹಾಜರಿ ಜಾಸ್ತಿ ಇರುವುದು ಆಕೆಯದೇ.

ಸಹೋದ್ಯೋಗಿಗಳು ಒಬ್ಬರ ಮೇಲೊಬ್ಬರು ವರದಿ ಕೊಡುತ್ತಾರೆ ಎಂದು ನಂಬುವವರು ಬ್ರೆಜಿಲ್ ಕಥೆ ಕೇಳಬೇಕು. 2013ರಲ್ಲಿ ಅಲ್ಲಿ ಒಬ್ಬ ವೈದ್ಯೆ ಸಿಕ್ಕಿಬಿದ್ದಾಗ ಆಕೆಯ ಬಳಿ ಸಹೋದ್ಯೋಗಿಗಳ ಸಿಲಿಕಾನ್ ಬೆರಳುಗಳೇ ಇದ್ದವು. ಬಾರದವರ ಹಾಜರಿಯನ್ನೂ ಒತ್ತುತ್ತಿದ್ದರು. ಅಷ್ಟು ದೂರ ಯಾಕೆ? ಖಾತ್ರಿ ಕೆಲಸದ ಕೂಲಿಯವರಿಗೆ 2023ರಿಂದ ದಿನಕ್ಕೆ ಎರಡು ಸಲ ಮೊಬೈಲ್ ಆಪ್‌ನಲ್ಲಿ ಫೋಟೊ ಹಾಜರಿ ಕಡ್ಡಾಯವಾಯಿತು. 2025ರಲ್ಲಿ ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ ಗಂಡಸರೇ ಸೀರೆ ಉಟ್ಟು, ತಲೆ ತುಂಬಾ ಸೆರಗು ಹೊದ್ದು ಫೋಟೊಕ್ಕೆ ನಿಂತದ್ದು ಸುದ್ದಿಯಾಯಿತು. ಆ ವರ್ಷ ದಿನದ ಕೂಲಿ 370 ರೂಪಾಯಿ. ಅದಕ್ಕೆ ಎರಡು ಫೋಟೊ, ಜಾಗದ ಗುರುತು, ನೆಟ್‌ವರ್ಕ್ ಸಿಗದಿದ್ದರೆ ಫಜೀತಿ. ಕೂಲರ್ ಕೆಳಗಿನ ಕುರ್ಚಿಗೆ ಮಾತ್ರ ಪಕ್ಕದ ಟೇಬಲ್‌ನವರ ಸಾಕ್ಷಿ ಸಾಕಂತೆ.

ನನ್ನ ಪ್ರಕಾರ ಈ ಸುತ್ತೋಲೆಯೇ ತಲೆಕೆಳಗು. ಯಾರು ಬಂದರು, ಯಾರು ಬಂದಿಲ್ಲ ಎಂದು ನೋಡಲು ಸರ್ಕಾರ ಒಬ್ಬರಿಗೆ ಸಂಬಳ ಕೊಡುತ್ತದೆ. ಅವರು ನೋಡುವುದಿಲ್ಲ. ಬದಲಿಗೆ, ಮೂರು ಟೇಬಲ್‌ನ ಕೆಲಸ ಒಬ್ಬನೇ ಎಳೆಯುತ್ತಿರುವ ಗುಮಾಸ್ತನಿಗೆ ಬೇಹುಗಾರಿಕೆಯನ್ನೂ ಹೆಚ್ಚುವರಿ ಪ್ರಭಾರ ವಹಿಸುತ್ತಾರೆ, ಭತ್ಯೆ ಇಲ್ಲದೆ. ಗೋಡೆಯ ಮೇಲೆ 'ಕಾಯಕವೇ ಕೈಲಾಸ' ಬೋರ್ಡು ಬೇರೆ. ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ವಾಪಸ್ ಸುರಿದು ಬಾ ಎಂದು ಮುಖಕ್ಕೇ ಹೇಳಿದಳಂತೆ. ಬಸವಣ್ಣನವರ ಮಹಾಮನೆಗೆ ಅನಾಮಧೇಯ ಅರ್ಜಿ ಬರೆಯಲಿಲ್ಲ.

ಮೇಲಿನವರು ನೋಡದಿದ್ದರೆ ಏನಾಗುತ್ತದೆ? ಸ್ಪೇನ್‌ನ ಕಾದಿಸ್‌ನಲ್ಲಿ ಒಬ್ಬ ಇಂಜಿನಿಯರ್ ಕನಿಷ್ಠ ಆರು ವರ್ಷ ಕೆಲಸಕ್ಕೇ ಬಂದಿರಲಿಲ್ಲವಂತೆ. ಪಾಲಿಕೆಯವರು ನೀರಿನ ಕಂಪನಿಯಲ್ಲಿದ್ದಾನೆ ಎಂದುಕೊಂಡರು, ನೀರಿನ ಕಂಪನಿಯವರು ಪಾಲಿಕೆಯಲ್ಲಿದ್ದಾನೆ ಎಂದುಕೊಂಡರು. 2010ರಲ್ಲಿ, 20 ವರ್ಷದ ನಿಷ್ಠಾವಂತ ಸೇವೆಗೆ ಸನ್ಮಾನ ಮಾಡೋಣ ಎಂದು ಹುಡುಕಿದಾಗ ಆಸಾಮಿಯೇ ಇಲ್ಲ! ಕೊನೆಗೆ ಸುಮಾರು 27 ಸಾವಿರ ಯೂರೊ ದಂಡ ಬಿತ್ತು. ನಮ್ಮಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯ ಒಬ್ಬರು 1990ರಲ್ಲಿ ರಜೆ ಹೋದವರು ವಜಾ ಆಗಿದ್ದು 2015ರಲ್ಲಿ. ಪಕ್ಕದ ಟೇಬಲ್‌ನವರಿಗೆ ಇದೆಲ್ಲಾ ಗೊತ್ತಿರಲಿಲ್ಲ ಅಂತೀರಾ?

ಇಷ್ಟಾದರೂ ನಮ್ಮ ಕಥೆಯ ಕಚೇರಿಯಲ್ಲಿ ಒಬ್ಬ ಹುಡುಗ ಸುತ್ತೋಲೆಯನ್ನು ನಂಬಿದ. ಹೊಸದಾಗಿ ಸೇರಿದವನು ಪಾಪ, ಇನ್ನೂ ಪ್ರೊಬೇಷನ್. ದೂರು ಬರೆದು ಟಪಾಲು ಟೇಬಲ್‌ಗೆ ಹೋದ. ಸ್ವೀಕೃತಿ ಮೊಹರು ಒತ್ತುವವರು ಇರಲಿಲ್ಲ. ದೂರು ಇದ್ದದ್ದೇ ಅವರ ಮೇಲೆ. ನಾಲ್ಕನೇ ದಿನ ಅವರೇ ಬಂದು, ಓದಿ, ನಕ್ಕು, ನಂಬರ್ ಹಾಕಿ ಒಳಗೆ ಕಳಿಸಿದರು. ವಾರದಲ್ಲಿ ಉತ್ತರ ಬಂತು, ದೂರು ಕೊಟ್ಟವನಿಗೇ ನೋಟಿಸು. 'ಸಹೋದ್ಯೋಗಿ ಸ್ಥಳದಲ್ಲಿಲ್ಲ ಎಂಬುದನ್ನು ತಾವು ಗಮನಿಸುತ್ತಿದ್ದ ಅವಧಿಯಲ್ಲಿ ತಮಗೆ ವಹಿಸಿದ ಕೆಲಸ ಬಿಟ್ಟು ಏನು ಮಾಡುತ್ತಿದ್ದಿರಿ? ಮೂರು ದಿನದೊಳಗೆ ಖುದ್ದಾಗಿ ಹಾಜರಾಗಿ ಲಿಖಿತ ವಿವರಣೆ ನೀಡತಕ್ಕದ್ದು.'

ಹುಡುಗ ವಿವರಣೆ ಬರೆದುಕೊಂಡು ಸಾಹೇಬರ ಬಾಗಿಲಿಗೆ ಹೋದ. ಮೊದಲ ದಿನ ಕಾದ, ಎರಡನೇ ದಿನವೂ ಕಾದ. ಮೂರನೇ ದಿನ ಒಂದು ಗಂಟೆಗೆ ತಡೆಯಲಾರದೆ ಜವಾನನನ್ನು ಕೇಳಿದ, ಸಾಹೇಬರು ಇದ್ದಾರೋ ಇಲ್ಲವೋ ಅದನ್ನಾದರೂ ಹೇಳಿ ಎಂದು.

'ಏನ್ ಕೇಳ್ತೀರಿ ಸರ, ಕೂಲರ್ ಚಾಲೂ ಅದಲ್ರಿ? ಒಳಗೇ ಅದಾರ.'