ತಲೆಯಾಡಿಸುವ ಯಂತ್ರ ನಮ್ಮೂರಿಗೂ ಬರಲಿ

ಅಮೆರಿಕದ ವಿಶ್ವವಿದ್ಯಾಲಯ ಜಾರ್ಜಿಯಾ ಟೆಕ್‌ನವರು ಹೈಲೆ ಅನ್ನೋ ರೋಬೋಟ್ ಮಾಡಿ ಸುಮಾರು 20 ವರ್ಷ ಆಯ್ತು. ಎದುರಿಗೆ ಕೂತವರು ಡೋಲು ಬಡಿದರೆ ಅದು ಕೇಳಿಸಿಕೊಂಡು, ತನ್ನ ಎರಡು ಕೈಯಲ್ಲಿ ಬಡಿದು ಉತ್ತರ ಕೊಡುತ್ತದೆ. ಅದರ ತಮ್ಮ ಶಿಮೊನ್‌ಗೆ ನಾಲ್ಕು ಕೈ. ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾ ಅನ್ನೋ ವಾದ್ಯ ನುಡಿಸುತ್ತಾ ತಾಳಕ್ಕೆ ತಲೆಯನ್ನೂ ಆಡಿಸುತ್ತದೆ. ಇಂಥವನ್ನು ಪಾರ್ಕು, ಚೌಕಗಳಲ್ಲಿ ನಿಲ್ಲಿಸಿ ಜನರ ಜೊತೆ ನುಡಿಸಬೇಕು ಅನ್ನೋದು ಕೆಲವರ ಉತ್ಸಾಹ.

ಚಿಕ್ಕಬಳ್ಳಾಪುರದವರಿಗೆ ಇದೇನು ಹೊಸದಾ? ಬೆಳಗಾದರೆ ಕಸದ ಗಾಡಿ ಹಾಡುತ್ತದೆ. ರಿವರ್ಸ್ ತೆಗೆಯುವ ಕಾರೂ ಹಾಡುತ್ತದೆ. ದೇವಸ್ಥಾನದಲ್ಲಂತೂ ಮೋಟಾರು ಕಟ್ಟಿದ ನಗಾರಿ, ಗಂಟೆ, ಜಾಗಟೆ ಬಂದು ಎಷ್ಟೋ ಕಾಲವಾಯಿತು. ಸ್ವಿಚ್ ಒತ್ತಿದರೆ ಸಾಕು. ಸಂಬಳ ಕೇಳಲ್ಲ, ಕಾಫಿ ಕೇಳಲ್ಲ. ಚರ್ಮ ಬಡಿಯುವವರನ್ನು ಹೊಸ್ತಿಲಾಚೆ ನಿಲ್ಲಿಸಬೇಕಾದ ಮುಜುಗರವೂ ತಪ್ಪಿತು. ಮೋಟಾರಿಗೆ ಗರ್ಭಗುಡಿ ಪಕ್ಕದಲ್ಲೇ ಜಾಗ.

ಒಂದೇ ವ್ಯತ್ಯಾಸ. ನಮ್ಮ ಯಂತ್ರಗಳಿಗೆ ಬಾಯಿ ಮಾತ್ರ, ಅವರದ್ದಕ್ಕೆ ಕಿವಿಯೂ ಇದೆ. ಅದಕ್ಕೇ ಒಂದನ್ನು ತರಿಸಬೇಕು ಅಂತೀನಿ. ಊರಲ್ಲಿ ಜನ ಹೇಳಿದ್ದನ್ನು ಕೇಳಿಸಿಕೊಳ್ಳೋದು ಒಂದಾದರೂ ಇರಲಿ. ಉದ್ಘಾಟನೆಯಾದ ಮಾರನೇ ದಿನ ಟಾರ್ಪಾಲು ಹೊದಿಸಿದರೂ ಪರವಾಗಿಲ್ಲ.

ಇದೇ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕೇ 2023ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಸ್ಟೇಟಸ್ ಹಾಕಿ ಹೆಮ್ಮೆಪಟ್ಟೆವು. ಆಮೇಲೆ ಊರಹಬ್ಬಕ್ಕೆ ಡಿಜೆಗೆ ಹೇಳಿದೆವು. ತಮಟೆಯವನು ಬೆಂಕಿಗೆ ಚರ್ಮ ಕಾಯಿಸಿ, ಕುಣಿಯುವವನ ಕಾಲು ನೋಡಿಕೊಂಡು ಪೆಟ್ಟು ಬದಲಾಯಿಸುತ್ತಾನೆ. ಕುಣಿಯುವವನು ಸೋತರೆ ನಿಧಾನ, ಹುರುಪಾದರೆ ಜೋರು. ಮೈಕಿಲ್ಲ, ಸೆನ್ಸರ್ ಇಲ್ಲ. ದುಡ್ಡು ಕೇಳಿದರೆ ಮಾತ್ರ ‘ಜಾಸ್ತಿ ಆಯ್ತು ಕಣಪ್ಪ’ ಅಂತೀವಿ. ಇದನ್ನೇ ರೋಬೋಟ್ ಮಾಡಿದರೆ ಟೆಂಡರ್ ಕರೀತೀವಿ, ಅಲ್ವಾ?

ಕಳೆದ ಕಾರ್ತಿಕದಲ್ಲಿ ನಮ್ಮ ಬೀದಿ ಗುಡಿಯಲ್ಲಿ ಮಂಗಳಾರತಿ ನಡುವೆ ಕರೆಂಟ್ ಹೋಯಿತು. ನಗಾರಿಯ ಕೋಲು ಮೇಲೆತ್ತಿದ್ದು ಹಾಗೇ ನಿಂತಿತು. ಅರ್ಚಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾವು ಸುಮ್ನೆ ನಿಂತೆವು. ಒಬ್ಬ ಹುಡುಗ ಸ್ಟೀಲ್ ತಟ್ಟೆ ಬಡಿಯಲು ಶುರು ಮಾಡಿದ, ಅವನಜ್ಜಿ ಗದರಿಸಿದರು. ಹೇಗೋ ಆರತಿ ಮುಗೀತು. ಎಲ್ಲರೂ ಹೊರಗೆ ಕೂತು ಪುಳಿಯೋಗರೆ ತಿನ್ನುತ್ತಿದ್ದೆವು.

ಆಗ ಕರೆಂಟ್ ಬಂತು. ಒಳಗೆ ಯಾರೂ ಇಲ್ಲದ ಗುಡಿಯಲ್ಲಿ ನಗಾರಿ ಢಣಢಣ ಅಂತ ಶುರುವಾಯಿತು. ನಾವು ದೊನ್ನೆ ಕೆಳಗಿಟ್ಟು, ಎದ್ದು ನಿಂತು, ಎಂಜಲು ಕೈಯನ್ನೇ ಮುಗಿದೆವು. ನಾನು ತಲೆಯನ್ನೂ ಆಡಿಸಿದೆ.