ಸಾಲ ಕೊಡೋರು ಬೇಕಾದಷ್ಟಿದ್ದಾರೆ, ಮಾಲು ಕೊಳ್ಳೋರು ಯಾರು?

ನನ್ನ ಊರು ಕೊಳ್ಳೇಗಾಲದ ಕಡೆ, ಕೆಲಸ ಪಾಲಕ್ಕಾಡಿನಲ್ಲಿ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಮೈಕ್ರೋಫೈನಾನ್ಸ್, ಅಂದರೆ ಬಡವರಿಗೆ ಸಣ್ಣ ಸಾಲ ಕೊಡುವ ಕಂಪನಿಗಳ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಅದರ ಹಿಂದೆಯೇ ಹಾವೇರಿ ಕಡೆಯ ಹೆಂಗಸರು ತಾಳಿಯನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ ಸುದ್ದಿಯೂ ಬಂತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಮಲಯಾಳಿಗಳಿಗೆ ಆಶ್ಚರ್ಯ. ಬೆಂಗಳೂರಿನಂಥ ಊರಿರುವ ರಾಜ್ಯದಲ್ಲಿ ಹೀಗೂ ಉಂಟಾ ಅಂತ ಕೇಳಿದರು. ಅದರ ಬೆನ್ನಿಗೇ, ನಿಮ್ಮಲ್ಲಿ ಕುಟುಂಬಶ್ರೀ ಇಲ್ವಾ ಅಂದರು. ಕುಟುಂಬಶ್ರೀ ಅಂದರೆ ಕೇರಳ ಸರ್ಕಾರ ಕಟ್ಟಿಸಿದ ಹೆಂಗಸರ ಸಂಘಗಳ ಜಾಲ.

ಸಂಘ ನಮ್ಮಲ್ಲಿ ಇಲ್ಲ ಅನ್ನೋಕೆ ಆಗಲ್ಲ. ಸ್ವಸಹಾಯ ಸಂಘ ಅನ್ನುವ ಯೋಚನೆ ಮೊದಲು ಮೊಳೆತ ಜಾಗಗಳಲ್ಲಿ ನಮ್ಮ ನಾಡೂ ಒಂದು. 1980ರ ದಶಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ನಮ್ಮ ಹಳ್ಳಿಗಳಲ್ಲೇ ಸಣ್ಣ ಸಣ್ಣ ಗುಂಪು ಕಟ್ಟಿ, ಅವರ ಉಳಿತಾಯದ ದುಡ್ಡನ್ನು ಅವರವರೇ ಸಾಲ ಕೊಟ್ಟುಕೊಳ್ಳುವ ಪದ್ಧತಿ ಬೆಳೆಸಿತು. ಹಳ್ಳಿಗಳ ಸಾಲ ವ್ಯವಸ್ಥೆ ನೋಡಿಕೊಳ್ಳುವ ನಬಾರ್ಡ್ ಬ್ಯಾಂಕು ಅದನ್ನು ಗಮನಿಸಿ, 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಆಮೇಲೆ ಸ್ತ್ರೀಶಕ್ತಿ ಬಂತು, ಧರ್ಮಸ್ಥಳದ ಸಂಘ ಬಂತು, ಸಂಜೀವಿನಿ ಬಂತು. ಅಷ್ಟೆಲ್ಲ ಇದ್ದೂ ಜನ ಊರು ಬಿಡುವ ಹಂತಕ್ಕೆ ಬಂದದ್ದು ಯಾಕೆ?

ಬಡ್ಡಿ ಜಾಸ್ತಿ, ವಸೂಲಿಯವರು ರೌಡಿಗಳು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ನನ್ನ ಪ್ರಕಾರ ಕಾರಣ ಅದಕ್ಕಿಂತ ಕೆಳಗಿದೆ. ನಮ್ಮಲ್ಲಿ ಹೆಂಗಸರ ಕೈಗೆ ಸಾಲ ಕೊಟ್ಟರು, ಅದರಿಂದ ಅವರು ಏನಾದರೂ ಮಾಡಿದರೆ ಅದನ್ನು ಕೊಳ್ಳುವವರು ಯಾರು ಅಂತ ಯಾರೂ ಕೇಳಲಿಲ್ಲ. ಕೇರಳದವರು ಪೂರ್ತಿಯಾಗಿ ಅಲ್ಲದಿದ್ದರೂ ಅದನ್ನು ಕೇಳಿದರು.

ನನ್ನ ಚಿಕ್ಕಮ್ಮನ ಮನೆಯಲ್ಲಿ ನೋಡಿದ್ದು ಹೇಳುತ್ತೇನೆ. ವಾರಕ್ಕೊಮ್ಮೆ ಬೆಳಿಗ್ಗೆ ಏಳೂವರೆಗೆ ಯಾರದ್ದಾದರೂ ಜಗಲಿಯಲ್ಲಿ ಚಾಪೆ ಹಾಸುತ್ತಾರೆ. ಹೆಂಗಸರು ಐದೈದು ಜನರ ಸಾಲಿನಲ್ಲಿ ಕೂರಬೇಕು. ಹೆಗಲಿಗೆ ಬ್ಯಾಗು, ಕೈಯಲ್ಲಿ ಟ್ಯಾಬ್ ಹಿಡಿದ ಕಂಪನಿಯ ಒಬ್ಬ ಹುಡುಗ ಬೈಕಲ್ಲಿ ಬರುತ್ತಾನೆ. ಅವನಿಗಿನ್ನೂ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬಹುದು, ಅವನಿಗೂ ಮೇಲಿನವರ ಟಾರ್ಗೆಟ್ ಇರುತ್ತೆ ಅನ್ನೋದು ಬೇರೆ ಮಾತು. ದುಡ್ಡು ಎಣಿಸುತ್ತಾನೆ. ಒಬ್ಬಳ ಕಂತು ಕಡಿಮೆ ಬಿದ್ದರೆ ಮಿಕ್ಕವರು ತುಂಬಬೇಕು, ತುಂಬುವ ತನಕ ಯಾರೂ ಏಳುವಂತಿಲ್ಲ. ಗಾರೆ ಕೆಲಸಕ್ಕೆ, ಕಬ್ಬಿನ ಕೂಲಿಗೆ ಹೋಗಬೇಕಾದವರು ಅಲ್ಲೇ ಕೂತು, ಬಾರದವಳನ್ನು ಬೈಯುತ್ತಾ ಇರುತ್ತಾರೆ. ಬಡತನ ನೀಗಿಸೋಕೆ ಅಂತ ಕಟ್ಟಿದ ಗುಂಪು ಅಕ್ಕಪಕ್ಕದ ಮನೆಯವರ ನಡುವೆಯೇ ಜಗಳ ತಂದಿಡುತ್ತದೆ. ಕಂಪನಿಗೆ ಗೂಂಡಾ ಇಡುವ ಖರ್ಚೂ ಉಳಿಯುತ್ತೆ, ವಸೂಲಿ ಕೆಲಸವನ್ನು ಪಕ್ಕದ ಮನೆಯವಳೇ ಮಾಡಿಕೊಡುತ್ತಾಳಲ್ಲ.

ಚಿಕ್ಕಮ್ಮನ ಮೊದಲ ಸಾಲ ಹಸುವಿಗೆ. ಎರಡನೆಯದು ಇನ್ನೊಂದು ಕಂಪನಿಯಿಂದ, ಮನೆ ಮಾಡಿಗೆ ಶೀಟ್ ಹಾಕಿಸೋಕೆ. ಮೂರನೆಯದು ಮೊದಲೆರಡರ ಕಂತು ಕಟ್ಟೋಕೆ. "ಏನ್ ಮಾಡದಪ್ಪ, ಇವ್ರು ಕೊಡ್ತೀವಿ ಅಂದ್ರು, ಅವ್ರಿಗ್ ಕಟ್ಬೇಕಿತ್ತು, ಇಸ್ಕಂಡೆ" ಅಂದಳು. ಇದರಲ್ಲಿ ಹಸುವಿನ ಸಾಲ ಮಾತ್ರ ತೀರಿತು. ಹೇಗೆ ತೀರಿತು ಅಂದರೆ ಊರಲ್ಲಿ ಡೈರಿ ಇದೆ. ಬೆಳಿಗ್ಗೆ ಸಂಜೆ ಹಾಲು ಹಾಕಿದರೆ ಫ್ಯಾಟ್ ನೋಡಿ ಬರೆದುಕೊಳ್ಳುತ್ತಾರೆ, ಬಟವಾಡೆ ದಿನ ದುಡ್ಡು ಬರುತ್ತೆ. ರೇಟು ಸಾಲದು ಅಂತ ಗೊಣಗಬಹುದು, ಆದರೆ ಇವತ್ತು ನಿಮ್ಮ ಹಾಲು ಬೇಡ ಅಂತ ವಾಪಸ್ ಕಳಿಸಲ್ಲ. ಹಸು ಬತ್ತಿದ ತಿಂಗಳುಗಳಲ್ಲಿ ಮಾತ್ರ ಕಷ್ಟ, ಏಕೆಂದರೆ ಹಸು ಬತ್ತಿದರೂ ಕಂತು ನಿಲ್ಲುವುದಿಲ್ಲ.

ಅದೇ ಬೀದಿಯಲ್ಲಿ ಇನ್ನೊಬ್ಬಾಕೆ ಹೊಲಿಗೆ ಮಿಷನ್‌ಗೆ ಸಾಲ ತೆಗೆದಳು. ಆ ಬೀದಿಯಲ್ಲಿ ಆಗಲೇ ಮೂರು ಮಿಷನ್ ಇದ್ದವು. ಅಷ್ಟು ಜನ ಬ್ಲೌಸ್ ಹೊಲಿಸೋರು ಎಲ್ಲಿದ್ದಾರೆ?

ಲೆಕ್ಕ ಹಾಕಿ ನೋಡೋಣ. 50,000 ರೂಪಾಯಿ ಸಾಲ, ವರ್ಷಕ್ಕೆ 24% ಬಡ್ಡಿ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಅಂತಲೇ ಇಟ್ಟುಕೊಳ್ಳಿ, 24 ತಿಂಗಳ ಅವಧಿ. ತಿಂಗಳಿಗೆ ಸುಮಾರು 2,644 ರೂಪಾಯಿ ಬೀಳುತ್ತೆ. ಒಟ್ಟು ಕಟ್ಟುವುದು 63,400ರ ಮೇಲೆ. ವಿಮೆ, ಪ್ರೊಸೆಸಿಂಗ್ ಫೀಸು ಬೇರೆ. ಅಂದರೆ ಎರಡು ವರ್ಷಕ್ಕೆ ಹದಿಮೂರು ಸಾವಿರ ಚಿಲ್ಲರೆ ಬಡ್ಡಿ. ಮೀಟರ್ ಬಡ್ಡಿಗೆ ಹೋಲಿಸಿದರೆ ಇದು ಭಯಂಕರವೇನಲ್ಲ, ಒಪ್ಪುತ್ತೇನೆ. ಆದರೆ ಹೊಸ ವ್ಯಾಪಾರ ಶುರು ಮಾಡಿದ ಮೊದಲ ವಾರದಿಂದಲೇ ತಪ್ಪದೆ ದುಡ್ಡು ಹುಟ್ಟಬೇಕು ಅಂದರೆ ಅಂಥ ವ್ಯಾಪಾರ ಹಳ್ಳಿಯಲ್ಲಿ ಎಷ್ಟಿದೆ ಹೇಳಿ? ಪಟ್ಟಣದಲ್ಲಿ ಕಾಲೇಜು ಓದಿ ಸ್ಟಾರ್ಟಪ್ ಮಾಡುವ ಹುಡುಗರಿಗೆ ಐದು ವರ್ಷ ನಷ್ಟ ಆದರೂ ಪರವಾಗಿಲ್ಲ ಅಂತೀವಿ, ಕೂಲಿ ಮಾಡುವ ಹೆಂಗಸಿಗೆ ಮಾತ್ರ ಏಳನೇ ದಿನಕ್ಕೇ ಲಾಭ ಬರಬೇಕು.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಹೈದರಾಬಾದಿನ 104 ಬಡಾವಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಯವರು ಒಂದು ಅಧ್ಯಯನ ಮಾಡಿದರು. ಅರ್ಧ ಬಡಾವಣೆಗಳಲ್ಲಿ ಮೈಕ್ರೋಫೈನಾನ್ಸ್ ಶಾಖೆ ತೆರೆಸಿ, ಇನ್ನರ್ಧದ ಜೊತೆ ಹೋಲಿಸಿದರು. 2015ರಲ್ಲಿ ಅದು ಪ್ರಕಟವಾಯಿತು. ಮೊದಲೇ ವ್ಯಾಪಾರ ಇದ್ದ ಕೆಲವರಿಗೆ ಲಾಭವಾಗಿತ್ತು. ಆದರೆ ಸಾಮಾನ್ಯ ಮನೆಯ ಒಟ್ಟು ಖರ್ಚುವೆಚ್ಚ ಏರಿರಲಿಲ್ಲ, ಮನೆಯಲ್ಲಿ ಹೆಂಗಸರ ಮಾತಿಗೆ ಬೆಲೆಯೂ ಏರಿರಲಿಲ್ಲ. ಸಾಲ ಕೆಟ್ಟದ್ದು ಅಂತ ಅವರೇನೂ ಹೇಳಲಿಲ್ಲ, ಅದರಿಂದ ಬಡತನ ಹೋಗುತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ ಅಷ್ಟೇ.

ಇನ್ನು ಕೇರಳ. ಕುಟುಂಬಶ್ರೀ ಶುರುವಾದದ್ದು 1998ರಲ್ಲಿ, ಮಲಪ್ಪುರದಲ್ಲಿ. ಅದಕ್ಕೂ ಮೊದಲು ಆಲಪ್ಪುಳದಲ್ಲಿ ಪ್ರಯೋಗ ಆಗಿತ್ತು. ಹತ್ತಿಪ್ಪತ್ತು ಮನೆಗೆ ಒಂದು ಅಯಲ್‌ಕೂಟ್ಟಂ, ಅಂದರೆ ನೆರೆಹೊರೆಯ ಗುಂಪು, ಮನೆಗೊಬ್ಬ ಹೆಂಗಸು. ಅದರ ಮೇಲೆ ವಾರ್ಡಿಗೊಂದು ಒಕ್ಕೂಟ, ಅದರ ಮೇಲೆ ಪಂಚಾಯತಿಗೊಂದು. ಈಗ 40 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ನಮ್ಮ ಬಾಡಿಗೆ ಮನೆಯ ಎದುರಿನ ಚೇಚಿಯ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಇವರ ಸಭೆ ನಡೆಯುತ್ತೆ. ನೋಟುಬುಕ್ಕು, ಕಟ್ಟನ್ ಚಾಯ, ಬೇಕಾದಷ್ಟು ಹರಟೆ. ಇಲ್ಲೂ ದುಡ್ಡು ಎಣಿಸುತ್ತಾರೆ, ಆದರೆ ಅದು ಅವರದೇ ದುಡ್ಡು. ಅದಕ್ಕಿಂತ ನನ್ನ ಗಮನ ಸೆಳೆದದ್ದು ಅವರು ಮಾತಾಡುವ ವಿಷಯ. ವಾರ್ಡಿನಲ್ಲಿ ಯಾರ ಮನೆಗೆ ಶೌಚಾಲಯ ಇಲ್ಲ, ಪಂಚಾಯತಿಯ ಯಾವ ಕೆಲಸ ಬರುತ್ತಿದೆ, ಓಣಂಗೆ ಚಿಪ್ಸ್ ಯಾರು ಮಾಡುವುದು, ಅಂಗಡಿ ಎಲ್ಲಿ ಹಾಕುವುದು.

ಪಂಚಾಯತಿಗೂ ಇವರಿಗೂ ಇರುವ ಈ ನಂಟೇ ಮುಖ್ಯ ಅಂತ ನನಗನಿಸುತ್ತೆ. ಅಂಗನವಾಡಿ ಮಕ್ಕಳಿಗೆ ಕೊಡುವ ಅಮೃತಂ ನ್ಯೂಟ್ರಿಮಿಕ್ಸ್ ಅನ್ನುವ ಪುಡಿ ತಗೊಳ್ಳಿ. ಗೋಧಿ, ಕಡಲೆ, ಕಡಲೆಕಾಯಿ, ಸೋಯಾ, ಸಕ್ಕರೆ ಹಾಕಿ ಮಾಡುವಂಥದ್ದು. ಮಿಶ್ರಣದ ಲೆಕ್ಕ ಹೇಳಿಕೊಟ್ಟದ್ದು ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ನಮ್ಮ ಅಡಿಕೆ ಬೆಳೆಗಾರರಿಗೆಲ್ಲ ಗೊತ್ತಿರುವ ಅದೇ ಸಂಶೋಧನಾ ಸಂಸ್ಥೆ. ಅದನ್ನು ಹುರಿದು, ಬೀಸಿ, ಪ್ಯಾಕೆಟ್ ಮಾಡುವುದು ಕುಟುಂಬಶ್ರೀ ಹೆಂಗಸರ ಘಟಕಗಳು. ಮಿಷನ್‌ಗೆ ಬ್ಯಾಂಕ್ ಸಾಲ ತೆಗೆಯುವಾಗಲೇ ಅವರಿಗೆ ಮಾಲು ಎಲ್ಲಿಗೆ ಹೋಗುತ್ತೆ ಅಂತ ಗೊತ್ತು. ಕುಟುಂಬಶ್ರೀ ಹೆಂಗಸರೇ ಇರುವ ಹರಿತ ಕರ್ಮ ಸೇನೆಯವರು ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುತ್ತಾರೆ, ಪ್ರತಿ ಮನೆಯವರು ತಿಂಗಳಿಗಿಷ್ಟು ಅಂತ ಕೊಡಬೇಕು. 2017ರಲ್ಲಿ ಕೊಚ್ಚಿ ಮೆಟ್ರೋ ಓಡಿದಾಗ ಟಿಕೆಟ್ ಕೌಂಟರ್, ಸ್ವಚ್ಛತೆ ಕೆಲಸಕ್ಕೆ ಬಂದದ್ದು ಕುಟುಂಬಶ್ರೀಯವರೇ. ಸರ್ಕಾರಿ ಕಚೇರಿಗಳಲ್ಲಿ ಅವರ ಕ್ಯಾಂಟೀನ್. ಕೊಳ್ಳುವವರು ಮೊದಲು, ಸಾಲ ಆಮೇಲೆ.

ಹಾಗಂತ ಇಲ್ಲೆಲ್ಲ ಚೆನ್ನಾಗಿದೆ ಅಂದರೆ ನನ್ನ ಎದುರು ಮನೆ ಚೇಚಿಯೇ ನಗುತ್ತಾಳೆ. ಬಡ್ಡಿ ವ್ಯಾಪಾರದವರು ಇಲ್ಲೂ ಇದ್ದಾರೆ, ಬ್ಲೇಡ್ ಅಂತಾರೆ ಅವರನ್ನು, ಹೆಸರೇ ಸಾಕು. 2014ರಲ್ಲಿ ಆಪರೇಷನ್ ಕುಬೇರ ಅಂತ ಪೊಲೀಸರು ರೇಡ್ ಮಾಡಿದರು. ಅದಾದ ಮೇಲೂ ನಿಲ್ಲದೆ, 2018ರಲ್ಲಿ ಇದೇ ಪಾಲಕ್ಕಾಡು ಜಿಲ್ಲೆಯಲ್ಲಿ 'ಮುಟ್ಟತ್ತೆ ಮುಲ್ಲ' ಅಂತ ಒಂದು ಯೋಜನೆ ತಂದರು. ಸಹಕಾರಿ ಬ್ಯಾಂಕಿನ ದುಡ್ಡು, ಕುಟುಂಬಶ್ರೀ ಹೆಂಗಸರ ಕೈಯಿಂದ, ಬಾಗಿಲಿಗೇ ಬಂದು, 12% ಬಡ್ಡಿಗೆ. ಬ್ಲೇಡಿನವನು ಗೆಲ್ಲುವುದು ಮನೆ ಬಾಗಿಲಿಗೆ ಬರುವುದರಿಂದ, ಹಾಗಾದರೆ ನಾವೂ ಬಾಗಿಲಿಗೇ ಹೋಗೋಣ ಅನ್ನುವ ಲೆಕ್ಕ. ಬುದ್ಧಿವಂತಿಕೆ ಅಲ್ವಾ? ಮೈಕ್ರೋಫೈನಾನ್ಸ್ ಕಂಪನಿಗಳ ಬೈಕುಗಳೂ ಈ ಜಿಲ್ಲೆಯಲ್ಲಿ ಓಡಾಡುತ್ತವೆ, ಅದನ್ನೂ ನೋಡಿದ್ದೇನೆ.

ಸರ್ಕಾರವೇ ಗಿರಾಕಿ ಆದಾಗ ಅದರದ್ದೇ ತೊಂದರೆ ಬೇರೆ. 2020ರಲ್ಲಿ 20 ರೂಪಾಯಿಗೆ ಊಟ ಅಂತ ಜನಕೀಯ ಹೋಟೆಲುಗಳನ್ನು ಈ ಹೆಂಗಸರ ಕೈಯಲ್ಲಿ ತೆರೆಸಿದರು, ಊಟಕ್ಕೆ 10 ರೂಪಾಯಿ ಸಬ್ಸಿಡಿ. ಲಾಕ್‌ಡೌನ್‌ನಲ್ಲಿ ಎಷ್ಟೋ ಜನರ ಹೊಟ್ಟೆ ತುಂಬಿತು. ಆಮೇಲೆ ಸಬ್ಸಿಡಿ ಬಾಕಿ ಬಿತ್ತು, 2023ರಲ್ಲಿ ನಿಂತೇಹೋಯಿತು. ಅಕ್ಕಿ, ತೆಂಗಿನಕಾಯಿ, ಗ್ಯಾಸಿನ ಸಾಲ ಹೆಂಗಸರ ತಲೆಗೆ ಬಂತು. ಒಕ್ಕೂಟದ ಚುನಾವಣೆಗಳಲ್ಲಿ ಪಕ್ಷ ರಾಜಕೀಯ ಇದೆ ಅಂತ ಇಲ್ಲಿಯವರೇ ಗೊಣಗುತ್ತಾರೆ. ಇಷ್ಟಿದ್ದರೂ ನಾನು ಇದನ್ನೇ ಮೇಲು ಅನ್ನೋದು.

ಕಂಪನಿ ದಾರಿ ಎಲ್ಲಿಗೆ ಮುಟ್ಟುತ್ತೆ ಅನ್ನೋದನ್ನು ನಾವು ಮೊದಲೇ ನೋಡಿದ್ದೆವಲ್ಲ. 2009ರಲ್ಲಿ ಕೋಲಾರದಲ್ಲಿ ರೇಷ್ಮೆ ಕೆಲಸ ಕುಸಿದಾಗ ಹೆಂಗಸರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಮಾರನೇ ವರ್ಷ ಆಂಧ್ರ. ಎಸ್‌ಕೆಎಸ್ ಅನ್ನುವ ಮೈಕ್ರೋಫೈನಾನ್ಸ್ ಕಂಪನಿ ಶೇರು ಮಾರಿ ಸುದ್ದಿಯಾದ ಕೆಲವೇ ತಿಂಗಳಲ್ಲಿ, 2010ರ ಅಕ್ಟೋಬರ್‌ನಲ್ಲಿ, ಆತ್ಮಹತ್ಯೆಗಳ ಸುದ್ದಿಯ ನಡುವೆ ಅಲ್ಲಿನ ಸರ್ಕಾರ ಈ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂತು. ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಅಂಥದ್ದನ್ನೇ ತಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾಯ್ದೆ ಬೇಕಿತ್ತು, ಬೇಡ ಅನ್ನಲ್ಲ. ಆದರೆ ಕಾಯ್ದೆಯಿಂದ ಚಿಕ್ಕಮ್ಮನ ಪಕ್ಕದ ಮನೆಯಾಕೆಗೆ ಹೊಲಿಯೋಕೆ ಬಟ್ಟೆ ಬರಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮ ಇನ್ನೂ ಸೊಗಸು. ವರ್ಷಕ್ಕೆ 3 ಲಕ್ಷದವರೆಗೆ ಆದಾಯದ ಮನೆಗೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ, ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ಅಂದರೆ ತಿಂಗಳಿಗೆ 25,000 ಬರುವ ಮನೆಯಲ್ಲಿ 12,500 ಕಂತಿಗೇ ಹೋದರೂ ನಿಯಮದ ಪ್ರಕಾರ ಸರಿ! ನಾವು ಸಂಬಳದವರು ಅರ್ಧ ಸಂಬಳ ಕಂತಿಗೆ ಹೋದರೆ ರಾತ್ರಿ ನಿದ್ದೆ ಮಾಡ್ತೀವಾ?

ನಮ್ಮಲ್ಲಿ ಮಾಡೋಕೆ ಏನೂ ಇಲ್ಲ ಅಂತಲ್ಲ. ಡೈರಿಯೇ ಇದೆ, ಕೆಎಂಎಫ್‌ಗಿಂತ ದೊಡ್ಡ ಉದಾಹರಣೆ ಹುಡುಕಬೇಕಿಲ್ಲ. ಅಂಗನವಾಡಿ ಆಹಾರಕ್ಕೆ ಎಂಎಸ್‌ಪಿಟಿಸಿ ಅನ್ನುವ ಮಹಿಳಾ ಘಟಕಗಳಿವೆ. ಎಷ್ಟೋ ಗ್ರಾಮ ಪಂಚಾಯತಿಗಳಲ್ಲಿ ಕಸದ ಗಾಡಿ ಓಡಿಸುವುದು ಸಂಘದ ಹೆಂಗಸರು. 2024ರಲ್ಲಿ ಅಕ್ಕ ಕೆಫೆ ಅಂತಲೂ ತೆರೆದರು. ಇದನ್ನೇ ದೊಡ್ಡದು ಮಾಡಬಹುದು. ಸರ್ಕಾರಿ ಶಾಲೆ, ಹಾಸ್ಟೆಲು, ಆಸ್ಪತ್ರೆಗಳಿಗೆ ಬೇಕಾದ ರೊಟ್ಟಿ, ರಾಗಿ ಹಿಟ್ಟು, ಸಾಂಬಾರ್ ಪುಡಿ, ಯೂನಿಫಾರಂ, ಬೆಡ್‌ಶೀಟುಗಳಲ್ಲಿ ಒಂದು ಪಾಲನ್ನು ಆಯಾ ತಾಲೂಕಿನ ಸಂಘಗಳಿಂದಲೇ ಕೊಳ್ಳಬೇಕು ಅಂತ ಬರೆದಿಡಲಿ. ದೊಡ್ಡ ಕಂಟ್ರಾಕ್ಟರು ಹೆಂಗಸರ ಹೆಸರಲ್ಲಿ ಹಿಂದೆ ನಿಂತು ನಡೆಸದಂತೆ, ದುಡ್ಡು ಸಂಘದ ಖಾತೆಗೇ ಬೀಳಲಿ, ಯಾರು ಎಷ್ಟು ಕೊಟ್ಟರು ಅನ್ನೋದನ್ನು ಪಂಚಾಯತಿ ಗೋಡೆ ಮೇಲೆ ಅಂಟಿಸಲಿ. ಬಿಲ್ಲು ಮಾತ್ರ ಡೈರಿ ಬಟವಾಡೆ ಥರ ಹದಿನೈದು ದಿನಕ್ಕೆ ತಪ್ಪದೆ ಆಗಬೇಕು. ಆರು ತಿಂಗಳು ಬಾಕಿ ಉಳಿಸಿಕೊಳ್ಳೋದಾದರೆ ಆರ್ಡರ್ ಕೊಡೋದೇ ಬೇಡ, ಆ ಆರು ತಿಂಗಳು ತಳ್ಳೋಕೆ ಅವರು ಮತ್ತೆ ಅದೇ ಬೈಕಿನ ಹುಡುಗನ ಹತ್ತಿರ ಸಹಿ ಹಾಕುತ್ತಾರೆ.