ನೀರು ಬಂತು!

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕಂದ್ರೆ ಈ ಸಂಗತಿ ನಮ್ಮ ಬೀದಿಯಲ್ಲಿ ಈಗಾಗಲೇ ಕೊಂಬು ಬಾಲ ಬೆಳೆಸಿಕೊಂಡು ಓಡಾಡುತ್ತಿದೆ.

ದಾವಣಗೆರೆಯಲ್ಲಿ ನಲ್ಲಿ ನೀರು ನೆಂಟರ ಹಾಗೆ. ತುಂಗಭದ್ರೆ ನೀರಿದೆ, ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದವಾಡ ಕೆರೆಯಿದೆ, ಟಿವಿ ಸ್ಟೇಷನ್ ಕೆರೆಯಿದೆ. ಆದರೂ ನಮ್ಮ ಬೀದಿಯ ಸರದಿ ಬರುವವರೆಗೆ ಕಾಯಬೇಕು. ಬರುವುದೂ ಎಲ್ಲರೂ ಗೊರಕೆ ಹೊಡೆಯುವ ಹೊತ್ತಿಗೇ. ಅದಕ್ಕೇ ಬೀದಿಯವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಅದರಲ್ಲಿ ಬೆಲೆ ಇರುವುದು ಎರಡೇ ಪದಕ್ಕೆ: 'ನೀರು ಬಂತು'. ಉಳಿದದ್ದೆಲ್ಲ ಗುಡ್ ಮಾರ್ನಿಂಗ್ ಗುಲಾಬಿ.

ಈ ಎರಡು ಪದವನ್ನು ಮೊದಲು ಹಾಕಿದವರಿಗೆ ಬೀದಿಯಲ್ಲಿ ಒಂಥರಾ ಮರ್ಯಾದೆ. ಹಾಕುವುದು ಯಾವಾಗಲೂ ಒಂದೋ ನನ್ನ ಹೆಂಡತಿ, ಇಲ್ಲಾ ಎದುರು ಮನೆ ಅಕ್ಕ. ನನ್ನ ಪಾಲಿಗೆ ಆ ಭಾಗ್ಯ ಬಂದೇ ಇರಲಿಲ್ಲ. ಹೊಟ್ಟೆಕಿಚ್ಚು ಇತ್ತು ಅಂತಲೇ ಇಟ್ಟುಕೊಳ್ಳಿ.

ಆ ರಾತ್ರಿ ಒಂದೂವರೆಗೆ ಎದ್ದೆ. ಬಚ್ಚಲ ನಲ್ಲಿ ಬಿಕ್ಕಳಿಸುತ್ತಿತ್ತು. ಮೇಲಿನ ಟ್ಯಾಂಕ್ ಖಾಲಿ. ಸಂಪಿನ ಮೋಟರ್ ಹಾಕಿ, ಹತ್ತು ನಿಮಿಷ ಅಷ್ಟೇ ಅಂದುಕೊಂಡು ಸುಮ್ನೆ ಒರಗಿದೆ. ಮತ್ತೆ ಎಚ್ಚರವಾದಾಗ ಎರಡೂವರೆ. ಹೊರಗೆ ಧೋ ಎಂದು ನೀರಿನ ಸದ್ದು. ಮೋಟರ್ ವಿಷಯ ತಲೆಯಲ್ಲಿ ಇರಲೇ ಇಲ್ಲ. ಫೋನ್ ಎತ್ತಿಕೊಂಡು ಹಾಕಿಯೇಬಿಟ್ಟೆ: 'ನೀರು ಬಂತು! ನೀರು ಬಂತು! ಜೋರಾಗಿ ಬರ್ತಿದೆ!!' ಅಷ್ಟಕ್ಕೇ ನಿಲ್ಲಲಿಲ್ಲ. ಫೋನ್ ಇಲ್ಲದ ಮೂಲೆಮನೆ ಅಜ್ಜರ ಗೇಟನ್ನೂ ಬಡಿದು ಬಂದೆ.

ಐದೇ ನಿಮಿಷ. ಬೀದಿ ತುಂಬ ಲೈಟು. ಡ್ರಮ್ಮು ಉರುಳುವ ಸದ್ದು, ಬಿಂದಿಗೆ ಸದ್ದು, ಪೈಪ್ ಎಲ್ಲಿಟ್ಟೆ ಅಂತ ಗಂಡನ ಮೇಲೆ ರೇಗುವ ಸದ್ದು. ನಲ್ಲಿಗೇ ಮೋಟರ್ ಹಚ್ಚಬಾರದು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಚ್ಚುವುದು ಹೇಗೆ ಅನ್ನುವುದೂ ಗೊತ್ತು. ಆದರೆ ಅವತ್ತು ಹಚ್ಚಿದ ಮೋಟರೆಲ್ಲ ಬರೀ ಗಾಳಿ ಎಳೆದು ಗೊರ್ ಎಂದವು.

ನನ್ನ ಹೆಂಡತಿ ಮಾತ್ರ ಅಂಗಳದಲ್ಲಿ ನಿಂತು ಟಾರ್ಚನ್ನು ಮೇಲಕ್ಕೆ ಹಿಡಿದಳು. ನಮ್ಮ ತಾರಸಿಯಿಂದ ಜೋಗ ಧುಮುಕುತ್ತಿತ್ತು.

"ರೀ, ನೀರು ಬಂದಿರೋದು ನಿಜ. ನಮ್ಮ ಸಂಪಿಂದ ಬಂದಿದೆ."

ನಾಲ್ಕು ದಿನದ ನೀರು ಚರಂಡಿ ಸೇರಿತ್ತು. ಯಾರೂ ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು. ನಿದ್ದೆ ಹೇಗೂ ಕೆಟ್ಟಿತ್ತಲ್ಲ, ಎಲ್ಲರೂ ನಮ್ಮ ಮನೆ ಕಟ್ಟೆ ಮೇಲೆ ಕೂತರು. ಎದುರು ಮನೆ ಅಕ್ಕ ಚಹಾ ಮಾಡಿದರು. ನಮ್ಮನೆಯಲ್ಲಿ ಮಾಡಲು ನೀರೆಲ್ಲಿತ್ತು? ಯಾರೋ ಡಬ್ಬಿ ಖಾರ ಮಂಡಕ್ಕಿ ತಂದರು. ಹತ್ತಿ ಮಿಲ್ಲಿನಲ್ಲಿ ದುಡಿದ ಅಜ್ಜರು ಚಹಾ ಊದಿಕೊಂಡು ಶುರುಮಾಡಿದರು.

"ಆಗ ನಾವು ಚಿತ್ರದುರ್ಗ ಜಿಲ್ಲೆಯೋರು. 1997ರಲ್ಲಿ ದಾವಣಗೆರೆನೇ ಜಿಲ್ಲೆ ಆಯ್ತು. 2007ರಲ್ಲಿ ಮಹಾನಗರ ಪಾಲಿಕೆ ಆಯ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರ್ತು. ಊರು ಎಷ್ಟು ಮುಂದೆ ಹೋತು ನೋಡು. ನೀನು ಮೋಟರ್ ಆಫ್ ಮಾಡೋದು ಕಲೀಲಿಲ್ಲಲ್ಲೋ ತಮ್ಮಾ!"

ಪಾಲಿಕೆ ಅಂದ ಮೇಲೆ ಎಲೆಕ್ಷನ್ ಮಾತು ಬಾರದೆ ಇರುತ್ತದೆಯೇ? ಪಕ್ಕದ ಮನೆ ಹುಡುಗ ನಗುತ್ತಾ ಹೇಳಿದ: "ಅಂಕಲ್, ಒಂದೇ ಮೆಸೇಜಿಗೆ ಇಡೀ ಬೀದಿ ಎಬ್ಬಿಸಿದ್ರಿ. ಇಷ್ಟು ಜನ ಯಾವ ಸಭೆಗೂ ಬರಲ್ಲ. ನೀವು ಕಾರ್ಪೊರೇಟರ್ ಆಗ್ಬೇಕು."

ಅವನು ಹೇಳಿದ್ದು ತಮಾಷೆಗೆ. ನಾನು ಕೇಳಿಸಿಕೊಂಡದ್ದು ಬೇರೆ ಥರ. 45 ವಾರ್ಡಿನ ಸಭೆಯಲ್ಲಿ ಎದ್ದು ನಿಂತು ಮೈಕ್ ಹಿಡಿದ ನನ್ನನ್ನು ನಾನೇ ನೋಡಿಬಿಟ್ಟೆ. "ಅರ್ಧ ಸೀಟು ಹೆಂಗಸರಿಗೆ. ಈ ಸಲ ಮೀಸಲಾತಿ ಬದಲಾಗಿ ನಮ್ಮ ವಾರ್ಡ್ ಮಹಿಳೆಗೆ ಬಂದ್ರೆ?" ಎಂದರು ಅಕ್ಕ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಹೆಂಡತಿಯನ್ನು ನಿಲ್ಲಿಸಿದರಾಯಿತು, ನಾನು 'ಸದಸ್ಯರ ಪತಿ'. ಈ ಹುದ್ದೆ ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ಇದರಷ್ಟು ಬಿಡುವಿಲ್ಲದ ಹುದ್ದೆಯೂ ಇಲ್ಲ.

ಮಾರನೇ ದಿನವೇ ಏಳು ಬೆಂಬಲಿಗರನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ಬೆಂಬಲಿಗರಿಗೆ ಒಂದು ದೋಸೆ ಸಾಲದು ಅಂತ ನನಗೆ ಗೊತ್ತಿರಲಿಲ್ಲ. ಸಂಜೆಗೆ ಮಿರ್ಚಿ ಮಂಡಕ್ಕಿ ಬೇರೆ. ಬಿಲ್ಲು ಕಟ್ಟಿ ಮನೆಗೆ ಬಂದು, ನಮ್ಮ ಮನೆಯ ಮತ ಎಣಿಸಲು ಕೂತೆ.

"ನನ್ನ ವೋಟು ಸೊಸೆಗೆ," ಎಂದಳು ಅವ್ವ.

"ಅವಳಿನ್ನೂ ನಿಂತೇ ಇಲ್ವಲ್ಲವ್ವಾ."

"ನಿಲ್ಲದಿದ್ರೂ ಅವಳಿಗೇ."

ಮಗಳು ನೋಟಾ ಇದೆಯಾ ಅಂತ ಕೇಳಿದಳು. ಹೆಂಡತಿ ಅವರೆಕಾಯಿ ಬಿಡಿಸುತ್ತಾ, "ಗೆದ್ರೆ ಮೊದಲ ಠರಾವು ನಮ್ಮನೆ ಮೋಟರ್ ಸ್ವಿಚ್ಚಿಗೆ ಬೀಗ," ಎಂದಳು. ಸಭೆ ಮುಗಿಯಿತು.

ಅದಾಗಿ ಎರಡು ದಿನಕ್ಕೆ, ಬೆಳಗಿನ ಜಾವ ಮೂರಕ್ಕೆ, ನೀರು ನಿಜವಾಗಿಯೂ ಬಂತು. ನಾನೇ ಮೊದಲು ಕಂಡೆ. ಈ ಸಲ ನಲ್ಲಿ ಕೆಳಗೆ ಕೈಯಿಟ್ಟು, ತಾರಸಿ ಹತ್ತಿ ಟ್ಯಾಂಕ್ ಇಣುಕಿ, ಆಮೇಲೆ ಗ್ರೂಪಿಗೆ ಹಾಕಿದೆ. ಒಂದು ಲೈಟೂ ಹತ್ತಲಿಲ್ಲ. ಪಕ್ಕದ ಮನೆ ಹುಡುಗನ ಉತ್ತರ ಬಂತು: 'ಅಂಕಲ್, ಮೊದಲು ಮೋಟರ್ ಆಫ್ ಮಾಡಿ ಮಲ್ಕೊಳ್ಳಿ.' ಅದಕ್ಕೆ ಒಂಬತ್ತು ಜನ ಹೆಬ್ಬೆರಳು ಒತ್ತಿದರು. ನನ್ನ ದೋಸೆ ತಿಂದವರಲ್ಲಿ ಮೂವರು ಅದರಲ್ಲಿದ್ದರು.

ಹೆಂಡತಿಯನ್ನು ಎಬ್ಬಿಸಿದೆ. ಅವಳು ಕಣ್ಣು ಪೂರ್ತಿ ಬಿಡದೆ ಫೋನ್ ತೆಗೆದುಕೊಂಡು 'ನಿಜ' ಎಂದಷ್ಟೇ ಒತ್ತಿ ಮಗ್ಗುಲು ಬದಲಿಸಿದಳು.

ಬೀದಿಯ ಮೋಟರೆಲ್ಲ ಒಟ್ಟಿಗೇ ಶುರುವಾದವು.